ನಾಯಿಯಂಗಿ

ತೆರ್ಮೆಜ್‌ನಲ್ಲಿ ಚಿಲ್ಲಾ ಎಂದರೆ ನಲವತ್ತು ದಿನ.
ಜೂನ್ ಮುಗಿಯುವಾಗ ಹಿಡಿದು
ಆಗಸ್ಟ್ ಬಂದರೂ ಬಿಡದ ಬಿಸಿಲಿಗೆ ಅದೇ ಹೆಸರು,
ಹೆತ್ತವಳೂ ಹುಟ್ಟಿದ್ದೂ ಹೊಸಿಲು ದಾಟದ ದಿನಗಳಿಗೂ ಅದೇ.
ಈ ವರ್ಷ ಎರಡೂ ಒಂದೇ ಮನೆಗೆ ಬಂದು ಕೂತಿವೆ.

ನಾನು ಸನೋಬರ್, ಪಾಲಿಕ್ಲಿನಿಕ್ಕಿನ ದಾದಿ.
ಚೀಲದಲ್ಲಿ ತಕ್ಕಡಿ, ಥರ್ಮಾಮೀಟರು, ಕಲ್ಲಂಗಡಿಯ ದೊಡ್ಡ ಹೋಳು
(ಹಿಂದಿನ ಮನೆಯವರು ಬೇಡವೆಂದರೂ ಬಿಡಲಿಲ್ಲ).
ಅಮು ನದಿಯಾಚೆಯಿಂದ ಆಫ್ಘಾನಿ ಗಾಳಿ
ಹಿಟ್ಟಿನಂಥ ಧೂಳು ತಂದು
ಹಲ್ಲಿನ ಮೇಲೆ ಜರಡಿ ಹಿಡಿಯುತ್ತಿದೆ.
ಅಂಗಳದಲ್ಲಿ ಹಿಪ್ಪುನೇರಳೆ ಮರ, ಕೆಳಗೊಂದು ನಾಯಿ,
ಅದರಲ್ಲಿ ಎಚ್ಚರವಿದ್ದದ್ದು ನಾಲಿಗೆಯೊಂದೇ.

ಒಳಗೆ ಬೆಶಿಕ್, ಬಣ್ಣ ಬಳಿದ ತೊಟ್ಟಿಲು.
ಕಾಣುವುದು ತೊಟ್ಟಿಲಲ್ಲ, ಹೊದಿಕೆಯ ಗುಡ್ಡ.
ಅದರಡಿ ಎಲ್ಲೋ ಹತ್ತೊಂಬತ್ತು ದಿನದ ಹುಡುಗ.
ಪಕ್ಕದಲ್ಲಿ ಅಜ್ಜಿ ಐತೋರಾ, ಗಡಿ ಕಾಯುವವಳಂತೆ.
ಮೂಲೆಯಿಂದ ಬಾಣಂತಿ ಶಹ್ಲೋ
ಕಣ್ಣಲ್ಲೇ ನನ್ನನ್ನು ಕರೆದಳು.

ಎಷ್ಟು ಹೊದಿಕೆ ಅಜ್ಜಿ?
ಏಳು. ನಮ್ಮತ್ತೆಯೂ ಏಳೇ ಹೊದಿಸಿದ್ದು.
ನಿಮಗೆಷ್ಟು?
ನನಗ್ಯಾಕೆ, ನಾನೇನು ಕೂಸೇ?

ಪುಟ್ಟ ಬೆರಳು ಹೊರಗೆಳೆದು ತೋರಿಸಿದಳು:
ಮುಟ್ಟಿ ನೋಡು, ತಣ್ಣಗಿದೆ.
ಬೆರಳು ಸುಳ್ಳು ಹೇಳುತ್ತೆ ಅಜ್ಜಿ, ಪಾದವೂ ಅಷ್ಟೇ.
ನಿಜ ಬೇಕಿದ್ದರೆ ಕತ್ತಿನ ಹಿಂದೆ ಕೇಳಬೇಕು.
ಅವಳ ಕೈಯನ್ನೇ ಹಿಡಿದು ಅಲ್ಲಿಗೊಯ್ದೆ.
ಕೂದಲು ಒದ್ದೆ. ಮಡಿಕೆಮಡಿಕೆಯಲ್ಲಿ ಬೆವರುಸಾಲೆ,
ಕೆಂಪು ಸಾಸಿವೆ ಚೆಲ್ಲಿದ ಹಾಗೆ.
ಕೈ ಹಿಂತೆಗೆದು ಮಂಡಿಗೆ ಒರೆಸಿಕೊಂಡಳು,
ಏನೂ ಅನ್ನಲಿಲ್ಲ.

ರಿಜಿಸ್ಟರು ತೆರೆದೆ. ತಂದೆಯ ಹೆಸರು?
ತೋಖ್ತಾಮುರಾದ್, ನನ್ನ ಮಗ.
ಬರೆಯುತ್ತಿದ್ದ ಪೆನ್ನು ನಡುವೆ ನಿಂತಿತು.
ತೋಖ್ತಾ ಎಂದರೆ ನಿಲ್ಲು.
ಹಿಂದೆ ಬಂದವು ನಿಲ್ಲದೆ ಹೋದ ಮನೆಯಲ್ಲಿ
ಆಮೇಲೆ ಬಂದದ್ದನ್ನು ಹೆಸರಿನಿಂದಲೇ ಕಟ್ಟಿಹಾಕುತ್ತಾರೆ.
ಎಷ್ಟು ಎಂದು ಕೇಳಲಿಲ್ಲ.
ಯಾವ ಕಾಲದಲ್ಲಿ ಎಂದೆ.
ಚಳಿಗಾಲ, ಎಂದಳು. ಎರಡು ಸಲವೂ ಚಳಿಗಾಲ.

ಹೊರಗೆ ನಲವತ್ತೇಳು ಡಿಗ್ರಿ.

ಆಮೇಲೆ ನಾನು ಪಾಠ ಮಾಡಲಿಲ್ಲ.
ಮೇಲಿನ ಮಖಮಲ್ಲನ್ನು ಎತ್ತಿ ಅವಳ ಮಡಿಲಲ್ಲಿಟ್ಟೆ.
ಎರಡನೆಯದನ್ನು ಅವಳೇ ತೆಗೆದಳು.
ಮೂರನೆಯದಕ್ಕೆ ಯಾರನ್ನೋ ಬೈದಳು, ನನ್ನನ್ನೇ ಇರಬೇಕು.
ನಾಲ್ಕು. ಐದು.
ಕೂಸು ಸೀನಿತು.
ನೋಡಿದೆಯಾ, ಶೀತ! ಎಂದು ಐದನೆಯದನ್ನು ಮತ್ತೆ ಎಳೆದಳು.
ಶಹ್ಲೋ ನಕ್ಕೇಬಿಟ್ಟಳು,
ಹೆತ್ತ ಮೇಲೆ ಮೊದಲ ಸಲವೇನೋ,
ನಗು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.
ಕೊನೆಗೆ ಕೈಕಾಲು ಬಿಗಿದ ಪಟ್ಟಿ ಬಿಚ್ಚಿದೆವು,
ಒದ್ದೆ ಬಟ್ಟೆಯಲ್ಲಿ ಒರೆಸಿದೆವು.
ಕಾಲೊಂದು ಎದ್ದು ಗಾಳಿಯನ್ನು ಒದ್ದು
ತಾನೇ ಬೆಚ್ಚಿತು.

ಮೈಮೇಲೆ ಉಳಿದದ್ದು ಅಂಗಿಯೊಂದೇ.
ಅಜ್ಜನ ಹಳೆಯ ಬಿಳಿಯಂಗಿ ಹರಿದು ಮಾಡಿದ್ದು,
ಒಗೆದೊಗೆದು ಈರುಳ್ಳಿ ಸಿಪ್ಪೆಯಾದದ್ದು.
ಅಂಚು ಹೊಲಿದಿಲ್ಲ, ಮೊದಲ ಅಂಗಿಗೆ ಹೊಲಿಯಬಾರದು.
ಅದನ್ನು ನಾಯಿಯಂಗಿ ಅನ್ನುತ್ತಾರೆ ಇಲ್ಲಿ.
ನಲವತ್ತು ತುಂಬಿದ ದಿನ ಅದರಲ್ಲಿ ರೊಟ್ಟಿ ಕಟ್ಟಿ
ನಾಯಿಯ ಕೊರಳಿಗೆ ಹಾಕಿ ಓಡಿಸುತ್ತಾರೆ,
ಓಣಿಯ ಹುಡುಗರೆಲ್ಲ ಹಿಂದೆ.
ಒಂದೇ ಪದರ, ಹತ್ತಿ, ಸಡಿಲ:
ನನ್ನ ಕೈಪಿಡಿಯಲ್ಲಿರುವುದೂ ಇಷ್ಟೇ.
ನಾಯಿಯ ವಿಷಯ ಮಾತ್ರ ಅದರಲ್ಲಿಲ್ಲ.

ಹೊರಡುವಾಗ ತಿರುಗಿದರೆ
ತೀರ ತೆಳ್ಳಗಿನ ಏಳನೆಯದನ್ನು
ತೊಟ್ಟಿಲ ಅಡ್ಡಕೋಲಿಗೆ ಇಳಿಬಿಡುತ್ತಿದ್ದಳು.
ಇದು ಚಳಿಗಲ್ಲ, ಕಣ್ಣುಬೀಳದಿರಲಿ ಅಂತ.
ಅದನ್ನು ಅಳೆಯುವುದು ನನ್ನ ಚೀಲದಲ್ಲಿಲ್ಲ.
ಮುಖದ ಕಡೆ ಬೇಡ, ಗಾಳಿಯಾಡಲಿ, ಎಂದೆ.
ಗೊಣಗುತ್ತ ಬಾಗಿಲ ಕಡೆಗೆ ಸರಿಸಿದಳು,
ನಾನು ಹೋಗುವ ದಾರಿಗೆ ಸರಿಯಾಗಿ.

ಮರದಡಿಯ ನಾಯಿ ಒಂದು ಕಣ್ಣು ತೆರೆಯಿತು.
ಅದರ ಅಂಗಿಗೆ ಇನ್ನೂ ಇಪ್ಪತ್ತೊಂದು ದಿನ.
ಕಲ್ಲಂಗಡಿಯ ಹೋಳನ್ನು ಮುರಿದು ಮುಂದಿಟ್ಟೆ.
ಮೂಸಿತು. ಯೋಚಿಸಿತು. ತಿಂದಿತು.