ಹಿಂದಿನ ಸೀಟು

ನಿನ್ನ ಪರದೆಯಲ್ಲಿ ಮೂರು ಹಸಿರು ದೀಪ, ಅಫ್ನಾನ್,
ನನ್ನದರಲ್ಲಿ ಒಂದೂ ಇಲ್ಲ.
ಚಕ್ರ ಇಳಿದಿದೆ ಎನ್ನುತ್ತೀ ನೀನು.
ನನ್ನ ವಿಮಾನ ಇನ್ನೂ
ನೆಲ ಒರೆಸುವಾಗ ಬೆಂಚಿನ ಮೇಲೆ
ಕಾಲು ಎತ್ತಿ ಕೂತವರ ಹಾಗೆ ಕೂತಿದೆ.

ವಿಮಾನ ಒಂದೇ. ಮುಂದೆ ನೀನು, ಹಿಂದೆ ನಾನು.
ನೀನು ಮೂರನೇ ಮಾಳಿಗೆ, ನಾನು ಎರಡನೆಯದು,
ಬಿಜೈಯ ಈ ಹಳೆ ಕಟ್ಟಡದಲ್ಲಿ.
ನೀನು ಕುರ್ಚಿ ಎಳೆದರೆ
ನನ್ನ ಸೀಲಿಂಗು ಹಲ್ಲು ಕಡಿಯುತ್ತದೆ.

ಮೂವತ್ತೊಂದು ವರ್ಷ ಹಂಪನಕಟ್ಟೆಯಲ್ಲಿ
ಟೈಪಿಂಗ್ ಕಲಿಸಿದವಳು ನಾನು.
ಕೀಲಿ ನೋಡದೆ ಬೆರಳಿಡುವುದು,
ಗಂಟೆ ಬಡಿದರೆ ಸಾಲು ತಿರುಗಿಸುವುದು.
ಹದಿನಾಲ್ಕು ಯಂತ್ರ ಗುಜರಿಗೆ ಹೋದ ಮೇಲೆ
ಬೆರಳಿಗೆ ಕೆಲಸ ಇರಲಿಲ್ಲ.
ನೀನು ಬಂದು ಕೇಳಿದಿ:
ಟೀಚರ್, ರೇಡಾರ್ ನೋಡ್ಲಿಕ್ಕೆ ಒಬ್ಬರು ಬೇಕಿತ್ತು.
ಯುದ್ಧ ಅಂತ ಹೇಳಲಿಲ್ಲ.
ಹೇಳಿದ್ದರೂ ಬರುತ್ತಿದ್ದೆನೋ ಏನೋ.

ರಾತ್ರಿ ಎಂಟರಿಂದ ಹುಡುಕಾಟ.
ಮೊದಲು ಹುಡುಕಿದ್ದು ನಿನ್ನ ತಪ್ಪು; ಟೀಚರ್ ಅಲ್ಲವಾ.
ಆಟದ ಆವೃತ್ತಿ? ಇಬ್ಬರದೂ ಒಂದೇ.
ಒಂದೇ ಗುಂಡಿಗೆ ಎರಡು ಕೆಲಸ ಕೊಟ್ಟಿದ್ದೀಯಾ? ಇಲ್ಲ ಟೀಚರ್.
ಜಾಯ್‌ಸ್ಟಿಕ್ ಬಿಚ್ಚಿದರೆ ಬಿಸ್ಕತ್ತಿನ ಪುಡಿ, ಒಂದು ಇರುವೆ.
ಅದಕ್ಕೂ ಎಂತದೂ ಗೊತ್ತಿರಲಿಲ್ಲ.
ಎಡಗಡೆಯ ಸಣ್ಣ ಪರದೆ ನನಗೆ ಬರೀ ಕಪ್ಪು,
ಅದೇ ಪರದೆ ನಿನಗೆ ನಕ್ಷೆ, ದಾರಿ, ಶತ್ರು, ಎಲ್ಲ.
ಆರಿಸಿದೆವು, ಹಾಕಿದೆವು. ಮತ್ತೆ ಆರಿಸಿದೆವು.
ಒಮ್ಮೆಯಂತೂ ನೀನು ಇಳಿದು
ರನ್‌ವೇ ಬದಿಯಲ್ಲಿ ನಿಂತಿದ್ದಿ,
ನಾನು ಇನ್ನೂ ಎಂಟು ಸಾವಿರ ಅಡಿ ಮೇಲೆ,
ಮುಂದಿನ ಸೀಟು ಖಾಲಿ.
ಹೆದರಿಕೆ ಆಯಿತು. ನಿನಗೆ ಹೇಳಲಿಲ್ಲ.

ಅಷ್ಟರಲ್ಲಿ ನಿನ್ನ ಉಮ್ಮ ಊಟಕ್ಕೆ ಕೂಗಿದರು.
ಸೀಲಿಂಗಿನಿಂದ ಕೇಳಿತು.
ನಾನು ನೀರು ಕುಡಿದು ಲೋಟ ಇಡುವಷ್ಟರಲ್ಲಿ
ಕಿವಿಯೊಳಗೆ ಇನ್ನೊಂದು ಸಲ ಕೂಗಿದರು.
ಅದೇ ಕೂಗು. ಸ್ವಲ್ಪ ಹರಿದಿತ್ತು.

ಎಲ್ಲಿಗೆ ಹೋಗಿತ್ತದು ಅಷ್ಟು ಹೊತ್ತು?
ಸಿಂಗಾಪುರಕ್ಕೆ, ಎಂದಿ. ಸರ್ವರ್ ಅಲ್ಲಿರುವುದಂತೆ.
ಹದಿನೆಂಟು ಮೆಟ್ಟಿಲಿನ ದಾರಿಗೆ
ಸಮುದ್ರದಡಿಯ ತಂತಿ ಹಿಡಿದು ಸಿಂಗಾಪುರ!
ಎಂತ ಸಾವು ಮಾರಾಯ,
ಕಂಕನಾಡಿಗೆ ಹೋಗಲಿಕ್ಕೆ ಮುಂಬಯಿ ಬಸ್ಸು ಹತ್ತಿದ ಹಾಗೆ.
ದಾರಿಯಲ್ಲಿ ಉದುರಿರಬೇಕು
ನನ್ನ ಮೂರು ದೀಪವೂ.

ಭಾನುವಾರ ಪೂಜೆ ಮುಗಿಸಿ ಬರುವಾಗ
ಮೂವತ್ತು ಅಡಿ ನೀಲಿ ಕೇಬಲ್ ತಂದೆ.
ಬಾವಿಗೆ ಕೊಡಪಾನ ಬಿಟ್ಟ ಹಾಗೆ
ನೀನು ಬಾಲ್ಕನಿಯಿಂದ ಇಳಿಬಿಟ್ಟಿ.
ಬಟ್ಟೆ ಹಾಕುವ ಕೋಲಿನಿಂದ ನಾನು ಎಳೆದುಕೊಂಡೆ.
ಕೆಳಮನೆಯ ವಾರಿಜಕ್ಕ ಕತ್ತು ಹೊರಗೆ ಹಾಕಿ,
ಎಂತದು ಟೀಚರ್ ಅದು?
ಗೇರು ಸರಿ ಇಲ್ಲ, ಎಂದೆ.
ಆಟಿಯಲ್ಲಿ ಎಲ್ಲಿಯ ಗೇರು ಟೀಚರ್,
ಮರ ಹೂ ಬಿಡಲಿಕ್ಕೇ ಇನ್ನೂ ಎಷ್ಟು ತಿಂಗಳುಂಟು!

ಸಂಜೆ ಮೂರು ದೀಪ.
ನಿನಗೂ. ನನಗೂ.
ಕಪ್ಪು ಪರದೆ ಕಣ್ಣು ಬಿಟ್ಟು
ಹಸಿರು ಗೆರೆಯ ಬೀಸಣಿಗೆ ಬಿಡಿಸಿತು.
ಅದರ ತುದಿಯಲ್ಲಿ ಒಂದು ಚುಕ್ಕೆ,
ಹನ್ನೊಂದು ಗಂಟೆಯ ದಿಕ್ಕು, ನಲವತ್ತು ಕಿಲೋಮೀಟರು.
ಹೇಳಬೇಕಿತ್ತು. ಹಿಂದಿನ ಸೀಟಿನ ಕೆಲಸ ಅದೊಂದೇ.

ಗೇರ್ ಎತ್ತು, ಎಂದೆ. ಆರಿತು.
ಇಳಿಸು. ಹತ್ತಿತು.
ಇನ್ನೊಮ್ಮೆ.
ಟೀಚರ್, ಶತ್ರು ಟೀಚರ್!
ಇರಲಿ ಮಾರಾಯ, ಇನ್ನೊಮ್ಮೆ.

ಹೊಡೆದ ಅವ.
ಇಬ್ಬರ ಪರದೆಯೂ ಕೆಂಪಾದವು.
ನಿನ್ನ ‘ಛೆ’ ಕೇಳಿತು
ಸೀಲಿಂಗಿನಿಂದಲೂ ಕಿವಿಯೊಳಗಿಂದಲೂ,
ಒಂದೇ ಸಲ.