ಎಡಗಣ್ಣಿನ ಗೇಜು

ಇಪ್ಪತ್ತಾರು ವರ್ಷ ಈ ಗೇಜಿನ ಕಲ್ಲು ನೋಡೀನಿ.
ಕಾಲುವಿ ಒಡದಾಗೂ ಕಲ್ಲು ಅಲುಗಿದ್ದಿಲ್ಲ.
ಆ ಮುಂಜಾನಿ ನಾಕಡಿ ಗುರುತಿನ ಹತ್ರ
ಕಲ್ಲಿಗೆ ಸೊಂಟ ಬಂದಿತ್ತು.
ಬಲಗಣ್ಣು ಮುಚ್ಚಿದ್ರ ಸೊಟ್ಟ,
ಎಡಗಣ್ಣು ಮುಚ್ಚಿದ್ರ ನೆಟ್ಟಗ.
ಸಿರವಾರದಿಂದ ಸೆಕ್ಷನ್ ಆಫೀಸರು ಫೋನಿನ್ಯಾಗ:
"ಹುಸೇನಪ್ಪ, ಒಂದು ಅಂಕಿ ಹೇಳೋ ಮಾರಾಯ, ಎರಡು ಬ್ಯಾಡ."

ರಾಯಚೂರಿನ ದವಾಖಾನ್ಯಾಗ ಯಂತ್ರಕ್ಕ ಗದ್ದ ಊರಿ ಕುಂತೆ.
"ರಕ್ತ ಹೊರಗ ಒಯ್ಯೋ ನಾಳ ಕಟ್ಟ್ಯಾದ," ಅಂದ್ರು ಡಾಕ್ಟರಮ್ಮ,
"ಪರದಿ ನೀರು ಕುಡದು ಬಾತದ."
ನನಗ ಹೇಳಬೇಕಾ?
ಬಸಿಗಾಲುವಿ ಹೂಳು ತುಂಬಿದ್ರ
ಹೊಲ ಜವಳು ಆಗೋದು ಹಿಂಗ.

ಐದುನೂರ ಎಂಬತ್ತು ಮೈಕ್ರಾನು.
ಅಡಿ ಗೊತ್ತು, ಇಂಚು ಗೊತ್ತು, ಇದೆಲ್ಲಿ ಅಳತಿ?
ಏಳೆಂಟು ಕೂದಲೆಳಿ ದಪ್ಪ, ಅಂದ್ರು.
ಅಷ್ಟಕ್ಕ ಮೊಮ್ಮಗಳ ಮೂಗು ಮಾಯ.

ತಿಂಗಳ ಮೂರನೇ ಶುಕ್ರವಾರ ನಮ್ಮ ಬೆಂಚು.
ನಂದು ಅಗ್ಗದ್ದು. ಕ್ಯಾನ್ಸರಿನ ಔಷಧ,
ಒಂದೇ ಸೀಸೆ, ಹನಿಹನಿ ಹಂಚತಾರ;
ಪಂಕ್ತಿ ಊಟಕ್ಕ ಕುಂತಂಗ ನಾವು ಆರು ಮಂದಿ.
ಖಾಜಾಬಿದು ರಾಣಿ ಸೂಜಿ.
ಆ ಉದ್ದನ್ನ ಹೆಸರಿನ್ಯಾಗ ಆಕಿ ಬಾಯಿಗೆ ಬರೋದು ಅಷ್ಟ.
ಮೂರು ಸೂಜಿಗೆ ಒಂದು ಬಂಗಾರದ ಬಳಿ.
ದೇವದುರ್ಗದ ಮರಿಬಸಯ್ಯ ಮಾಸ್ತರ ಕಣ್ಣಾಗ
ಜೀರಗಿಗಿಂತ ಸಣ್ಣ ಕಾಳು ಬಿಟ್ಟಾರ,
ನಾಕು ತಿಂಗಳು ತಾನ ಕರಗ್ತದಂತ.
ಕರಗ್ತಾ ಕಣ್ಣಿನ ಒತ್ತಡ ಏರಸ್ತದ,
ಪೊರಿಗೂ ಬಾಗಿಲು ತೆಗೀತದ.

ಯಾವುದು ಚಲೋ?
ಚಹಾ ಆರೋತನಕ ಅದೇ ಮಾತು.
ನಾನು ಗೇಜಿನ ವಹಿ ಹಿಂದಿನ ಹಾಳಿ ತಗದೆ:
ನಂದು ೫೮೦, ೪೧೦, ೩೨೫, ಮತ್ತ ೪೬೦.
ಖಾಜಾಬಿದು ೬೦೦, ೩೪೦, ೨೯೦, ೨೯೫.
ಮಾಸ್ತರದು ಭರ್‌ರಂತ ಇಳದದ,
ಈಗ ದಿನಾ ಎರಡು ಹೊತ್ತು ಒತ್ತಡದ ಹನಿ.

ಡಾಕ್ಟರಮ್ಮ ವಹಿ ಇಸಗೊಂಡು ನಕ್ಕರು.
"ಮೂರು ಮಂದಿ ನೋಡಿ ತೀರ್ಪು ಕೊಡಬ್ಯಾಡೋ.
ನೂರಾರು ಮಂದಿನ ವರ್ಷಗಟ್ಟಲೆ ಅಳದವರೂ
ಕೂದಲೆಳಿ ಅಂತರಕ್ಕ ವಾದ ಮಾಡತಾರ."
ಆಮ್ಯಾಲ ನಾಕುನೂರ ಅರವತ್ತರ ಮ್ಯಾಲ ಬೆರಳಿಟ್ಟರು.
"ಇದ್ಯಾಕ ಏರ್ತು?"

ಆ ತಿಂಗಳು ಕಾಲುವಿಗೆ ನೀರು ಬಿಟ್ಟಿದ್ರು.
ಹಗಲು ರಾತ್ರಿ ಪಾಳಿ. ನಾ ಬಂದಿದ್ದಿಲ್ಲ.
ಸೂಜಿ ತಪ್ಪಿದ್ದು ವಹಿಯಾಗ ಬರದಿದ್ದೂ ಇಲ್ಲ;
ಔಷಧದ ಹೆಸರಿನ ಮುಂದ
ಸೋತದ ಅಂತ ಬರದಿದ್ದೆ.

ಪೆನ್ನು ಕೊಟ್ಟರು. "ಗೈರು" ಅಂತ ತಿದ್ದಿದೆ.

ಇವತ್ತು ಮಬ್ಬಿನ್ಯಾಗ ಕಾಲುವಿ ದಂಡಿಗೆ ನಿಂತೀನಿ.
ಕಲ್ಲಿನ ಸೊಂಟ ಸ್ವಲ್ಪ ಕರಗ್ಯಾದ, ಪೂರಾ ಹೋಗಿಲ್ಲ.
"ನಾಕಡಿ ಎರಡು ಇಂಚು, ಸಾಹೇಬ್ರ."
ಆ ಕಡಿ ಒಂದು ಗಳಿಗಿ ಸುಮ್ಮನ.
"ಯಾವ ಕಣ್ಣಿಂದೋ?"