ಗೀರು ನೋಡುವುದು

ಮನಾಮಾದ ಗುದೈಬಿಯಾದಲ್ಲಿ, ಲಾಂಡ್ರಿಯ ಪಕ್ಕ,
ಒಂದು ಅಂಗಡಿ ಮಾರಾಟಕ್ಕಿದೆ.
ಹಳೆ ವಿಡಿಯೋ ಗೇಮು ಕೊಂಡು, ಒರೆಸಿ, ಮತ್ತೆ ಮಾರುವ ಅಂಗಡಿ.
ಬೋರ್ಡಿನ ಹೆಸರು ದುಬೈಯ ಕಂಪನಿಯದು,
ಗೋಡೆ ಹಾಜಿಯವರದು,
ಸಾಲ ಯಾರು ಕೊಂಡರೆ ಅವರದು.

ಮೂರು ಶುಕ್ರವಾರದಿಂದ ಹೋಗಿ ನಿಲ್ಲುತ್ತಿದ್ದೇನೆ.
ಹತ್ತೊಂಬತ್ತು ವರ್ಷ ಕೋಲ್ಡ್ ಸ್ಟೋರಿನಲ್ಲಿ
ಮೊಸರಿನ ಡಬ್ಬಿಯ ತಾರೀಕು ಓದಿದ ಕಣ್ಣು.
ಯಾವ ಮಾಲು ಯಾವ ದಿನ ಹುಳಿಯಾಗುತ್ತದೆ,
ಮುಚ್ಚಳ ತೆರೆಯದೆ ಹೇಳಬಲ್ಲೆ.
ಇಲ್ಲಿನ ಡಬ್ಬಿಗಳ ಮೇಲೆ ತಾರೀಕೇ ಇಲ್ಲ.

ಅಪ್ಪ ಗಂಗೊಳ್ಳಿಯಲ್ಲಿ ಹಳೆ ದೋಣಿ ಕೊಳ್ಳುವಾಗ
ಬಣ್ಣ ನೋಡುತ್ತಿರಲಿಲ್ಲ.
ಹಲಗೆಗೆ ಬೆರಳ ಗೆಣ್ಣು ಬಡಿದು ಕಿವಿಯಿಡುತ್ತಿದ್ದ.
‘ಮಾರುವವ ಬಾಯಿ ಮುಚ್ಚಿದ್ರೆ ಮರ ಮಾತಾಡತ್ತ್.’

ಫಾರಿಸ್ ಹದ್ದಾದ್ ಬಾಯಿ ಮುಚ್ಚುವುದಿಲ್ಲ.
ಬೈರೂತಿನವನು, ಕೆಟ್ಟವನಲ್ಲ, ಚಹಾ ತರಿಸುತ್ತಾನೆ.
‘ಎಂಟು ಸಾವಿರ ದಿನಾರು. ಫ್ರಾಂಚೈಸಿ, ಕಪಾಟು,
ಎರಡು ಸಾವಿರ ಡಿಸ್ಕು, ಗಿರಾಕಿಗಳು, ಎಲ್ಲ ಸೇರಿ.’
ಗಿರಾಕಿಗಳನ್ನು ಹೇಗೆ ಸೇರಿಸಿ ಮಾರುತ್ತಾರೆ?
ಕೇಳಲಿಲ್ಲ.

ಕರಾರು ನಲವತ್ತು ಪುಟ.
ಹದಿನಾಲ್ಕನೆಯ ಕಲಮು: ನೂರಕ್ಕೆ ಏಳು ದುಬೈಗೆ,
ಲಾಭದ ಮೇಲಲ್ಲ, ವ್ಯಾಪಾರದ ಮೇಲೆ.
ಇಪ್ಪತ್ತೆರಡನೆಯದು:
ಮುಳುಗುವುದಕ್ಕೂ ಅವರ ಲಿಖಿತ ಅನುಮತಿ ಬೇಕು.
ಮಗಳು ಊಟದ ನಡುವೆ, ಉಪ್ಪು ಕೇಳುವ ಸ್ವರದಲ್ಲಿ,
‘ಹೊಸ ಮೆಷೀನಿಗೆ ಡಿಸ್ಕು ಹಾಕುವ ಬಾಯೇ ಇಲ್ಲ ಪಪ್ಪ,
ಆಟ ಈಗ ಗಾಳಿಯಲ್ಲೇ ಬರ್ತದೆ’ ಅಂದಳು.

ಆಗಸ್ಟಿನ ಲೆಕ್ಕ ತೋರಿಸು ಎಂದರೆ
ಫಾರಿಸ್ ಡಿಸೆಂಬರಿನದು ತೋರಿಸುತ್ತಾನೆ.

ಇವತ್ತು ಸಿಗರೇಟಿಗೆಂದು ಅವನು ಹೊರಗೆ ಹೋದ.
ಬಾಯಿಲ್ಲದ ಅಂಗಡಿಯಲ್ಲಿ ನಾನೊಬ್ಬನೇ.
ಕಪಾಟಿಗೆ ಗೆಣ್ಣು ಬಡಿದು ಕಿವಿಯಿಟ್ಟೆ.
ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿನಂತೆ ಸದ್ದು ಮಾಡಿತು.

ಆಗ ಬಂದ ಹುಡುಗ. ಹನ್ನೊಂದು ವರ್ಷವಿರಬೇಕು,
ಹಳದಿ ಚೀಲ, ಚೀಲದಲ್ಲಿ ಏಳು ಆಟ,
ಒಂದೊಂದರ ಬೆನ್ನಿಗೂ ಶಾಲೆಯ ಲೇಬಲ್ಲು: ಇಶ್ರಾಕ್, ಐದು ಬಿ.
‘ಬುಧವಾರ ಫ್ಲೈಟು. ಅಬ್ಬೂನ ಕಂಪನಿ ಬಂದ್ ಆಯ್ತು.’
ಟ್ಯೂಬ್‌ಲೈಟಿಗೆ ಹಿಡಿದೆ, ಫಾರಿಸ್ ಹಿಡಿಯುವ ಹಾಗೆ.
ಮೊದಲು ಕಾಮನಬಿಲ್ಲು, ಕಣ್ಣು ಹೊಂದಿದ ಮೇಲೆ ಗೀರುಗಳು,
ಇಳಿತದ ಮರಳಲ್ಲಿ ಏಡಿ ಓಡಾಡಿದ ಹಾಗೆ.
ಕಂಪ್ಯೂಟರು ಹೇಳಿತು: ಏಳಕ್ಕೂ ಸೇರಿ ಎರಡು ದಿನಾರು ನಾನೂರು ಫಿಲ್ಸು.
ನನ್ನ ಜೇಬಿನಿಂದ ಹತ್ತು ಕೊಟ್ಟೆ.

ಅವನು ಥ್ಯಾಂಕ್ಸ್ ಹೇಳಲಿಲ್ಲ.
ಒಂದು ಡಬ್ಬಿಯನ್ನು ಬೆರಳಲ್ಲಿ ಒತ್ತಿ,
‘ಅಂಕಲ್, ಇದು ನಂಗೆ ಮುಗಿಸೋಕಾಗ್ಲಿಲ್ಲ.
ತಗೊಳ್ಳೋರಿಗೆ ಹೇಳಿ,
ಮೂರನೇ ಸೇತುವೆ ಹತ್ರ ಎಡಕ್ಕೆ ಹೋಗ್ಬಾರದು’ ಎಂದು
ಖಾಲಿ ಚೀಲ ಮಡಚಿಕೊಂಡು ಹೋದ.

ಫಾರಿಸ್ ಬಂದು ಪರದೆ ನೋಡಿದ, ನನ್ನ ಪರ್ಸು ನೋಡಿದ.
‘ಹಬೀಬಿ, ಹೀಗಾದರೆ ರಂಜಾನಿನೊಳಗೆ ನಿನ್ನ ಬಾಗಿಲು ಮುಚ್ಚುತ್ತದೆ’
ಎಂದು ನಗಲು ಹೋಗಿ, ನಗದೆ,
ತಾನಾಗಿಯೇ ಡ್ರಾಯರಿನಿಂದ ಆಗಸ್ಟು ತೆಗೆದು ಮುಂದಿಟ್ಟ.
ಬಾಡಿಗೆ ಆರುನೂರು. ವ್ಯಾಪಾರ ನೂರ ತೊಂಬತ್ತು.
ಅದರಲ್ಲೂ ದುಬೈಗೆ ಏಳರ ಪಾಲು, ಪೆನ್ಸಿಲಿನಲ್ಲಿ.
ಆಮೇಲೆ ಅವನು ಮಾತಾಡಲಿಲ್ಲ.

ವಾರಿಜ ರಾತ್ರಿ ಪಾಳಿ ಮುಗಿಸಿ ಬಂದಾಗ
ಕಾಗದದ ನಡುವೆ ಗೆರೆ ಎಳೆದು ಕೂತಿದ್ದೆ.
ಎಡಗಡೆ ತುಂಬಿ ಹಿಂಬದಿಗೆ ಹೋಗಿತ್ತು.
ಬಲಗಡೆ ಒಂದೇ ಸಾಲು.
ಬಿಳಿ ಚಪ್ಪಲಿ ಕಳಚುತ್ತ ಬಗ್ಗಿ ಓದಿದಳು:
‘ಮೂರನೇ ಸೇತುವೆ, ಎಡಕ್ಕೆ ಬೇಡ.
ಇದೆಂತದು? ಎಡಕ್ಕೆ ಹೋರೆ ಎಂತ ಆತ್ತ್?’

ಅದನ್ನೊಂದು
ಕೇಳಲು ಮರೆತಿದ್ದೆ.